ಡಚ್ಚರ ಊರಿನಲ್ಲಿ ಮೂರು ಆಟೀನು

ವಿಮಾನದಲ್ಲಿ

‘ನಿಮ್ಮ ಜೊತೆಗಾರರು ಎರಡು ಡೈಮಂಡ್ ಎಂದು ಕೂಗಿದರೆ ಅದರ ಅರ್ಥವೇನು?’

ಬ್ರಿಜ್ ಪಂದ್ಯದವರು ಕಳಿಸಿದ್ದ ಫಾರಂನ ಏಳನೆಯ ಪ್ರಶ್ನೆ ಇದು. ಬೆಂಗಳೂರು ಬಿಟ್ಟು ನಾಲ್ಕು ಗಂಟೆಯಾಗಿತ್ತು. ಊಟದ ಟ್ರೇ ಎತ್ತಿಕೊಂಡು ಹೋದ ಮೇಲೆ ಅದೇ ಜಾಗದಲ್ಲಿ ಫಾರಂ ಹರಡಿಕೊಂಡು ಪಕ್ಕದ ಸೀಟಿನ ಮುನಿರಾಜಣ್ಣನವರನ್ನು ಕೇಳಿದೆ.

"ಅದು ಸಮಯ ಸಂದರ್ಬ ನೋಡ್ಕಂಡು, ಮೇಡಮ್ಮೋರೆ" ಅಂದರು.

"ಹಾಗೆ ಬರೆಯೋಕಾಗಲ್ಲ ಮುನಿರಾಜಣ್ಣ. ಒಂದು ಅರ್ಥ ಅಂತ ಕೊಡ್ಬೇಕು."

"ನಿಮ್ಗೆ ಅರ್ತ ಆಗ್ತದಲ್ಲ. ಅವ್ರಿಗ್ಯಾಕೆ?"

ಹದಿನೆಂಟು ಪ್ರಶ್ನೆಗಳಲ್ಲಿ ಹನ್ನೊಂದಕ್ಕೆ ‘ಸಂದರ್ಭಾನುಸಾರ’ ಎಂದು ಇಂಗ್ಲಿಷಿನಲ್ಲಿ ಬರೆದು ಫಾರಂ ಮಡಚಿಟ್ಟೆ. ನಮ್ಮ ಪಕ್ಕದ ಕಿಟಕಿ ಸೀಟಿನಲ್ಲಿ ಅವರ ಹೆಂಡತಿ ಜಯಮ್ಮ ಗಾಜಿಗೆ ಹಣೆ ಒತ್ತಿಕೊಂಡು, ಕೆಳಗೆ ಯಾವ ದೇಶ ಎಂದು ಹದಿನೈದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ಜಯಮ್ಮನಿಗೆ ಬ್ರಿಜ್ ಬರುವುದಿಲ್ಲ. ಗಂಡ ಇನ್ನೊಬ್ಬ ಹೆಂಗಸಿನ ಜೊತೆ ಹಾಲೆಂಡಿಗೆ ಇಸ್ಪೀಟಾಡಲು ಹೋಗುತ್ತಾನೆ ಎಂದರೆ ನೆಂಟರು ಸುಮ್ಮನೆ ಬಿಡುವುದಿಲ್ಲವೆಂದು ಬಂದಿದ್ದರು. ನನ್ನ ಯಜಮಾನರಿಗೆ ಇಸ್ಪೀಟು ಎಂದರೆ ಪೊಲೀಸರು ಹಿಡಿದುಕೊಂಡು ಹೋಗುವ ವಿಷಯ. ಅವರು ಆರ್.ಟಿ. ನಗರದ ಮನೆಯಲ್ಲೇ ಉಳಿದರು.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಎದುರುಬದುರು ಕೂತವರಿಬ್ಬರು ಒಂದು ಜೋಡಿ. ತಲೆಗೆ ಹದಿಮೂರು ಎಲೆ. ಆಟಕ್ಕೆ ಮುಂಚೆ ಹರಾಜು: ಇಂಥ ಬಣ್ಣ ತುರುಪಾದರೆ ನಾವು ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಕೂಗಬೇಕು. ಮೂರು ಎಂದರೆ ಒಂಬತ್ತು ಸುತ್ತು, ನಾಲ್ಕು ಎಂದರೆ ಹತ್ತು. ನಾಲ್ಕರವರೆಗೆ ಕೂಗಿ ಗೆದ್ದರೆ ದೊಡ್ಡ ಅಂಕ, ಮೂರಕ್ಕೇ ನಿಂತರೆ ಚಿಲ್ಲರೆ, ಕೂಗಿದಷ್ಟು ಬರದಿದ್ದರೆ ದಂಡ. ಕಷ್ಟವೇನೆಂದರೆ ಜೊತೆಗಾರರ ಎಲೆ ನಮಗೆ ಕಾಣುವುದಿಲ್ಲ. ಅವರು ಕೂಗಿದ ಸಂಖ್ಯೆ ಮತ್ತು ಬಣ್ಣ, ಇಷ್ಟರಿಂದಲೇ ಅವರ ಕೈಯಲ್ಲೇನಿದೆ ಎಂದು ಊಹಿಸಬೇಕು.

ನಾವು ಆಡುವುದು ಬಾಗಲಗುಂಟೆಯಲ್ಲಿ, ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಆ ಕಟ್ಟಡ ಮುನಿರಾಜಣ್ಣನವರದೇ. ಅವರ ತಾತನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಭಾನುವಾರ ಮಧ್ಯಾಹ್ನ ಎರಡು ಮೇಜು, ಎಂಟು ಜನ, ಮೂರು ಸಲ ಟೀ. ಹರಾಜು ಬಾಯಲ್ಲೇ ಕೂಗುತ್ತೇವೆ. ಹಾರ್ಟ್ಸಿಗೆ ನಮ್ಮ ಕಡೆ ಆಟೀನು ಎನ್ನುತ್ತಾರಲ್ಲ, ಮುನಿರಾಜಣ್ಣ ‘ಮೂರಾಟೀನು’ ಎಂದು ಕೂಗುವುದರಲ್ಲಿ ಮೂರು ಬಗೆ. ಚುಟುಕಾಗಿ ಅಂದರೆ ಕೈಯಲ್ಲಿ ಏನೂ ಇಲ್ಲ, ಇಲ್ಲಿಗೇ ನಿಲ್ಲಿಸಿ ಎಂದರ್ಥ. ಕೊನೆಯ ಅಕ್ಷರ ಎಳೆದರೆ ರಾಜನೋ ಎಕ್ಕವೋ ಹೆಚ್ಚಿಗೆ ಇದೆ. ಎಳೆದು, ಎಳೆದ ಮೇಲೆ ಗಂಟಲು ಸರಿಮಾಡಿಕೊಂಡರೆ ಕಣ್ಣುಮುಚ್ಚಿ ನಾಲ್ಕು ಕೂಗಬಹುದು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಶಬ್ದದ ಪಾಠ ನನಗೆ ಬಾಯಿಪಾಠ.

ಹೀಗೆ ಹನ್ನೊಂದು ವರ್ಷದಿಂದ ನಾವೇ ಗೆಲ್ಲುತ್ತಾ ಬಂದಿದ್ದೇವೆ. ಪ್ರತಿ ಯುಗಾದಿಗೆ ಗೆದ್ದ ಜೋಡಿಗೆ ಸ್ಟೀಲ್ ಡಬ್ಬ ಕೊಡುವ ಪದ್ಧತಿ. ನಮ್ಮನೆ ರವೆ, ಹೆಸರುಬೇಳೆ, ಸಕ್ಕರೆ ಎಲ್ಲ ಇರುವುದು ಗೆದ್ದ ಡಬ್ಬಗಳಲ್ಲೇ. ದನಿಯಿಂದ ಸುಳಿವು ಹಿಡಿಯಬಾರದು ಎಂದು ನಿಯಮದ ಪುಸ್ತಕದಲ್ಲೇನೋ ಇದೆ. ನಮ್ಮ ಗುಂಪಿನಲ್ಲಿ ಆ ಪುಸ್ತಕ ಓದಿದವಳು ನಾನೊಬ್ಬಳೇ. ಆದರೆ ಪೇಂಟ್ ಅಂಗಡಿಯ ಮಹಡಿಯಲ್ಲಿ ಪುಸ್ತಕ ಯಾರು ಕೇಳುತ್ತಾರೆ? ಪಾಪ, ಮುನಿರಾಜಣ್ಣನವರಿಗೆ ತಾವು ರಾಗ ಎಳೆಯುವುದು ಗೊತ್ತೂ ಇರಲಿಲ್ಲ. ತಾವು ಹುಟ್ಟಾ ಆಟಗಾರರು ಎಂದು ನಂಬಿಕೊಂಡಿದ್ದರು. ಎಪ್ಪತ್ತು ವರ್ಷದವರ ನಂಬಿಕೆ ಕೆಡಿಸುವಷ್ಟು ಕಲ್ಲು ಮನಸ್ಸಿನವಳಲ್ಲ ನಾನು.

ಇಂಥ ನಮ್ಮನ್ನು ಹಾಲೆಂಡಿಗೆ ಕರೆದದ್ದು ಹೆಂಕ್. ಗುಲಾಬಿ ಬೆಳೆಯುವ ಗಾಜಿನ ಮನೆಗಳಿಗೆ ಸಲಹೆ ಕೊಡುವ ಮುದುಕ. ಹೆಸರಘಟ್ಟದ ಕಡೆಯ ತೋಟವೊಂದಕ್ಕೆ ಬಂದಿದ್ದಾಗ ಎರಡು ಭಾನುವಾರ ನಮ್ಮ ಜೊತೆ ಆಡಿ, ಎರಡೂ ಸಲ ಸೋತಿದ್ದರು. "ನೀವಿಬ್ಬರೂ ವಿಚಿತ್ರವಾಗಿ ಚೆನ್ನಾಗಿ ಆಡುತ್ತೀರಿ, ನಮ್ಮೂರಿನ ಪಂದ್ಯಕ್ಕೆ ಬನ್ನಿ" ಎಂದರು. ಆ ‘ವಿಚಿತ್ರವಾಗಿ’ ಎಂಬುದನ್ನು ನಾನು ಹೊಗಳಿಕೆಗೇ ಸೇರಿಸಿಕೊಂಡೆ.

ರೈಲಿನಲ್ಲಿ

ವಿಮಾನ ನಿಲ್ದಾಣದಿಂದ ಹೆಂಕ್ ಊರಿಗೆ ಎರಡು ಗಂಟೆಯ ರೈಲು. ಹತ್ತಿದ ಡಬ್ಬಿ ಖಾಲಿ ಖಾಲಿಯಾಗಿತ್ತು, ನಮ್ಮ ಅದೃಷ್ಟ ಎಂದುಕೊಂಡೆವು. ಮುನಿರಾಜಣ್ಣ ಕೂತ ಕೂಡಲೇ ಮಾಕಳಿಯಲ್ಲಿರುವ ತಮ್ಮನಿಗೆ ವಿಡಿಯೋ ಕಾಲ್ ಹಾಕಿದರು.

"ಎಲ್ಲಾ ಸಮಾ ಜಾಗ ಕಣೋ. ಒಂದು ಬಂಡೆ ಇಲ್ಲ, ಒಂದು ದಿಣ್ಣೆ ಇಲ್ಲ. ಅಳತೆ ದಾರ ಇಡ್ದಂಗೈತೆ. ಒಬ್ನೂ ಲೇಔಟ್ ಮಾಡಿಲ್ಲ ಕಣೋ, ಬರೀ ದನ ಬುಟ್ಟವ್ರೆ."

ಎದುರು ಸಾಲಿನ ಮನುಷ್ಯ ಓದುತ್ತಿದ್ದ ಪುಸ್ತಕ ಕೆಳಗಿಟ್ಟು ಕಿಟಕಿಯ ಕಡೆ ಬೆರಳು ತೋರಿಸಿದ. ಮುನಿರಾಜಣ್ಣ ಅವನಿಗೆ ಥ್ಯಾಂಕ್ಸ್ ಹೇಳಿ, ಫೋನನ್ನು ಕಿಟಕಿಗೆ ತಿರುಗಿಸಿ, ಹೊರಗಿದ್ದ ಗಾಳಿಯಂತ್ರವನ್ನು ತಮ್ಮನಿಗೆ ತೋರಿಸಿದರು. ಆ ಮನುಷ್ಯ ಎದ್ದು ಬಂದು ಗಾಜನ್ನೇ ಕುಟ್ಟಿದ. ಆಗ ನೋಡಿದೆ, ಗಾಜಿನ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಬರೆದಿದೆ. ಫೋನಿನಲ್ಲಿ ಅರ್ಥ ಹುಡುಕಿದರೆ, ‘ನಿಶ್ಶಬ್ದ’. ಮಾತಾಡದವರಿಗೆಂದೇ ಮೀಸಲಿಟ್ಟ ಡಬ್ಬಿಯಂತೆ ಅದು.

"ಮಾತಾಡ್ಬಾರ್ದು ಅಂತ ರೈಲ್ ಮಡಗವ್ರಾ?" ಎಂದು ಜಯಮ್ಮ ಪಿಸುಗುಟ್ಟಿದರು. ಆ ಮನುಷ್ಯ ಪಿಸುಮಾತಿಗೂ ತಲೆ ಎತ್ತಿದ. ಯಶವಂತಪುರದಿಂದ ತುಮಕೂರಿಗೆ ಹೋಗುವಷ್ಟರಲ್ಲಿ ಎದುರು ಸೀಟಿನವರ ಮಗಳ ಮದುವೆ, ಅಳಿಯನ ಸಂಬಳ, ಮಾವನ ಸಕ್ಕರೆ ಕಾಯಿಲೆ ಎಲ್ಲ ತಿಳಿದುಕೊಂಡು ಇಳಿಯುವ ಜನ ನಾವು. ಉಳಿದ ಒಂದೂವರೆ ಗಂಟೆ ಮೂವರೂ ತಪ್ಪು ಮಾಡಿದ ಮಕ್ಕಳಂತೆ ಕೂತಿದ್ದೆವು.

ಶುಕ್ರವಾರ, ಹೆಂಕ್ ಮನೆ

ಈ ಊರಿನ ಮನೆಗಳಿಗೆ ಆಳೆತ್ತರದ ಕಿಟಕಿ, ಪರದೆ ಮಾತ್ರ ಇಲ್ಲ. ಬೀದಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಯಾರು ಯಾವ ಕುರ್ಚಿಯಲ್ಲಿ ಕೂತು ಏನು ತಿನ್ನುತ್ತಿದ್ದಾರೆ ಎಂದು ಕಾಣುತ್ತದೆ. ಯಾರೂ ನೋಡುವುದಿಲ್ಲ, ನಾವು ಮೂವರ ಹೊರತು. ಜಯಮ್ಮ ತಮ್ಮ ಕೋಣೆಯ ಕಿಟಕಿಗೆ ಒಂದು ವಾಯಿಲ್ ಸೀರೆ ಕಟ್ಟಿ ಮಲಗಿದರು. ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದು, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು.

ಹೆಂಕ್ ಒಬ್ಬರೇ ಇರುವುದು. ತಿಂಡಿಗೆ ಬ್ರೆಡ್, ಬೆಣ್ಣೆ, ಅದರ ಮೇಲೆ ಚಾಕೊಲೇಟಿನ ಸಣ್ಣ ಕಾಳು ಉದುರಿಸಿಕೊಂಡು, ಎಪ್ಪತ್ತೈದು ವರ್ಷದ ಮನುಷ್ಯ ಗಂಭೀರವಾಗಿ ತಿಂದರು. ಜಯಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, ಬ್ಯಾಗಿನಿಂದ ಚಟ್ನಿಪುಡಿ ತೆಗೆದು, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಅದೇ ರೀತಿ ಉದುರಿಸಿ ಅವರ ತಟ್ಟೆಗಿಟ್ಟರು. ಹೆಂಕ್ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಕೇಳಿದರು. ಭಾನುವಾರದ ಹೊತ್ತಿಗೆ ಅರ್ಧ ಡಬ್ಬಿ ಖಾಲಿಯಾಗಿತ್ತು.

ಇಲ್ಲಿನವರು ಮನಸ್ಸಿನಲ್ಲಿದ್ದುದನ್ನು ಹಾಗೇ ಹೇಳಿಬಿಡುತ್ತಾರೆ. ನಾನು ಕಷ್ಟಪಟ್ಟು ಮಾಡಿದ ಉಪ್ಪಿಟ್ಟು ತಿಂದು ಹೆಂಕ್, "ಇದು ನನಗೆ ಇಷ್ಟವಾಗಲಿಲ್ಲ" ಎಂದರು. ದನಿಯಲ್ಲಿ ಕೋಪವಿಲ್ಲ, ಸಂಕೋಚವೂ ಇಲ್ಲ. ಮಳೆ ಬರುತ್ತಿದೆ ಎಂದಷ್ಟೇ ಸಲೀಸು. ನಮ್ಮಲ್ಲಾದರೆ ಚೆನ್ನಾಗಿದೆ ಎಂದು ತಿಂದು, ಮೆಟ್ಟಿಲಿಳಿಯುತ್ತಾ ಗಂಡನಿಗೆ ಹೇಳುವ ಮಾತು ಅದು.

ಶನಿವಾರ, ಚರ್ಚಿನ ಹಿಂದಿನ ಹಾಲ್

ಇಪ್ಪತ್ತೆಂಟು ಜೋಡಿ. ಎಲ್ಲರೂ ನಮ್ಮ ವಯಸ್ಸಿನವರು, ಆರ್.ಟಿ. ನಗರದ ಪಾರ್ಕಿನಲ್ಲಿ ಬೆಳಗಿನ ಹೊತ್ತು ಸುತ್ತು ಹಾಕುವವರ ಹಾಗೆ ಸ್ವೆಟರ್ ತೊಟ್ಟವರು. ಮೇಜಿನ ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಮುದ್ರಿಸಿದ ಕಾರ್ಡುಗಳು: ಒಂದು ಕ್ಲಾವರ್, ಎರಡು ಡೈಮಂಡ್, ಮೂರು ಹಾರ್ಟ್, ಏನೂ ಕೂಗದಿದ್ದರೆ ಪಾಸ್. ಬಾಯಲ್ಲಿ ಕೂಗುವ ಹಾಗಿಲ್ಲ, ಕಾರ್ಡ್ ತೆಗೆದು ಮೇಜಿನ ಮೇಲಿಡಬೇಕು ಅಷ್ಟೆ.

ಮೊದಲ ಆಟದಲ್ಲೇ ಮುನಿರಾಜಣ್ಣ ಮೂರು ಹಾರ್ಟ್ ಕಾರ್ಡನ್ನು ಮೇಜಿನ ಮೇಲಿಟ್ಟರು. ನಾನು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಚುಟುಕೋ, ಎಳೆದದ್ದೋ, ಗಂಟಲು ಸರಿಮಾಡಿಕೊಂಡದ್ದೋ? ಕೆಂಪು ಶಾಯಿಯ ಮೂರು ನನ್ನನ್ನು ನೋಡುತ್ತಿತ್ತು, ನಾನು ಅದನ್ನು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎದುರಿಗಿರುವವರ ಕೈಯಲ್ಲಿ ಏನಿದೆ ಎಂದು ನನಗೆ ಏನೇನೂ ಗೊತ್ತಿರಲಿಲ್ಲ. ಪಾಸ್ ಇಟ್ಟೆ. ಹತ್ತು ಸುತ್ತು ಸಲೀಸಾಗಿ ಬಂತು, ನಾಲ್ಕು ಕೂಗಬೇಕಿತ್ತು. ಮುಂದಿನ ಸಲ ನಾಲ್ಕು ಇಟ್ಟೆ, ಎಂಟೇ ಬಂತು. ಹೀಗೇ ಊಟದ ಹೊತ್ತಿಗೆ ಇಪ್ಪತ್ತೆಂಟು ಜೋಡಿಗಳಲ್ಲಿ ನಾವು ಇಪ್ಪತ್ತಾರನೆಯವರಾಗಿದ್ದೆವು. ನಮ್ಮ ಕೆಳಗಿದ್ದ ಎರಡು ಜೋಡಿಗಳಲ್ಲಿ ಒಂದು ಕನ್ನಡಕ ಮರೆತು ಬಂದಿತ್ತು.

ಊಟದ ನಂತರ ಮೀಪ್ ಮತ್ತು ಟ್ರೂಸ್ ಎಂಬ ಅಕ್ಕತಂಗಿಯರ ಎದುರು ಕೂತೆವು. ಮುನಿರಾಜಣ್ಣ ಮತ್ತೆ ಮೂರು ಹಾರ್ಟ್ ಇಟ್ಟರು, ಇಟ್ಟವರು ಮೆಲ್ಲಗೆ "ಸಾಕು ಬುಡಿ" ಎಂದರು. ಅಭ್ಯಾಸಬಲ. ಅಕ್ಕ ಮೀಪ್ ತಕ್ಷಣ ಕೈಯೆತ್ತಿದರು. ಇಲ್ಲಿ ಜಗಳವಾಡುವುದಿಲ್ಲ, ಕೈಯೆತ್ತಿದರೆ ತೀರ್ಪುಗಾರರು ಬರುತ್ತಾರೆ. ಬಂದಾಕೆ ಆನೆಕೆ, ಆರಡಿ ಎತ್ತರ, ನರ್ಸಮ್ಮನಂಥ ನಗು.

"ಇವರು ಏನೋ ಹೇಳಿದರು" ಎಂದರು ಮೀಪ್.

ಆನೆಕೆ ನನ್ನ ಕಡೆ ತಿರುಗಿ, "ಏನು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮುನಿರಾಜಣ್ಣನವರ ಮುಂದೆ ಅರ್ಧ ಕುಡಿದ ಕಾಫಿಯ ಲೋಟ ಇತ್ತು. "ಕಾಫಿ ಸಾಕು ಎಂದರು" ಅಂದೆ.

"ಓಹ್" ಎಂದು ಆನೆಕೆ ಲೋಟವನ್ನು ಎತ್ತಿಕೊಂಡು ಹೋದರು. ಮುನಿರಾಜಣ್ಣ ಹೋಗುತ್ತಿರುವ ಕಾಫಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಬಿಲ್ಡರುಗಳ ಜೊತೆ ವ್ಯವಹಾರ ಮಾಡಿದ ಮನುಷ್ಯ, ಇಷ್ಟು ಇಂಗ್ಲಿಷ್ ಅವರಿಗೆ ಬರುತ್ತದೆ. ಆ ನೋಟದ ಅರ್ಥ ನನಗೆ ಆಗಲಿಲ್ಲ. ಆಟವಂತೂ ಸೋತೆವು.

ಸೋತು ಎಲೆ ಜೋಡಿಸುತ್ತಿದ್ದರೆ ಅಕ್ಕಪಕ್ಕದ ಮೇಜಿನವರೆಲ್ಲ ಸಾಲಾಗಿ ಬಂದು ನಮ್ಮ ಕೈ ಕುಲುಕಿ ಅಭಿನಂದನೆ ಹೇಳತೊಡಗಿದರು. ಮುನಿರಾಜಣ್ಣ ಎದ್ದು ನಿಂತು, ಶರ್ಟು ಸರಿಮಾಡಿಕೊಂಡು, ಒಬ್ಬೊಬ್ಬರಿಗೂ ಥ್ಯಾಂಕ್ಯೂ ಎಂದರು. "ಆಟ ಅಂದ್ರೆ ಇಂಗೆ ಇರ್ಬೇಕು, ಸೋತೋರ್ಗೂ ಮರ್ಯಾದೆ" ಎಂದು ನನಗೆ ಹೇಳಿದರು. ಅಂದು ಟ್ರೂಸ್ ಅವರ ಹುಟ್ಟುಹಬ್ಬವಂತೆ. ಇಲ್ಲಿ ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ಅಕ್ಕನಿಗೆ, ತಮ್ಮನಿಗೆ, ಪಕ್ಕದಲ್ಲಿ ಕೂತ ತಪ್ಪಿಗೆ ನಮಗೆ ಎಲ್ಲರಿಗೂ ಅಭಿನಂದನೆ ಹೇಳುವುದು ವಾಡಿಕೆ. ಇದನ್ನು ನಾನು ಮುನಿರಾಜಣ್ಣನವರಿಗೆ ತಿಳಿಸಲಿಲ್ಲ. ಆ ದಿನ ಅವರಿಗೆ ಸಿಕ್ಕ ಖುಷಿ ಅದೊಂದೇ.

ಶನಿವಾರ ಸಂಜೆ, ಕಾಲುವೆ ದಂಡೆ

ಸಂಜೆ ಏಳಾದರೂ ಇಳಿಯದ ಬಿಸಿಲು. ಹೆಂಕ್ ಮನೆಯ ಹಿಂದಿನ ಕಾಲುವೆಯ ದಂಡೆಯಲ್ಲಿ ಕುರ್ಚಿ ಹಾಕಿ ಟೀ ಕೊಟ್ಟರು. ಮುನಿರಾಜಣ್ಣ ಸೋಲಿನ ಕಾರಣಗಳನ್ನು ವಿವರಿಸಿದರು. ಎಲೆಗಳು ಸಣ್ಣವು. ಬ್ರೆಡ್ ತಿಂದವರಿಗೆ ತಲೆ ಓಡುವುದಿಲ್ಲ. ಬಾಯಿ ಕಟ್ಟಿ ಕೂರಿಸಿದರೆ ಆಟ ಎಲ್ಲಿಂದ ಬರಬೇಕು. ಹೇಳಿ ಮುಗಿಸಿ, ದನ ನೋಡಲು ಜಯಮ್ಮನ ಜೊತೆ ಆಚೆ ಹೊಲದ ಬೇಲಿಯ ತನಕ ಹೋದರು.

ಹೆಂಕ್ ನನ್ನ ಲೋಟಕ್ಕೆ ಟೀ ಬಗ್ಗಿಸುತ್ತಾ ಹೇಳಿದರು: "ಬೆಂಗಳೂರಿನಲ್ಲಿ ನಿಮ್ಮ ಜೊತೆಗಾರರು ಹಾಡುತ್ತಾರೆ. ಇಲ್ಲಿ ಹಾಡಲು ಬಿಡುವುದಿಲ್ಲ. ಅದಕ್ಕೇ ಸೋಲುತ್ತಿದ್ದೀರಿ."

ನಾನು ಲೋಟ ಎತ್ತಿಕೊಂಡು ಟೀ ಊದಿದೆ.

"ತಾವು ಹಾಡುವುದು ಅವರಿಗೆ ಗೊತ್ತೇ?"

"ಇಲ್ಲ, ಪಾಪ."

"ನಿಮಗೆ?"

ಕಾಲುವೆಯಲ್ಲಿ ನಾಲ್ಕು ಬಾತುಕೋಳಿ ಇದ್ದವು. ಅವು ಯಾವ ಜಾತಿಯವು ಎಂದು ಕೇಳಿದೆ. ಹೆಂಕ್ ಸಮಾಧಾನವಾಗಿ ಅವುಗಳ ವಿಷಯ ಹೇಳಿದರು, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ಮರೆತ ಹಾಗೆ ಕಾಣಲಿಲ್ಲ.

ಮುನಿರಾಜಣ್ಣ ವಾಪಸು ಬಂದ ಮೇಲೆ ನಾನು ಫಾರಂ ತೆಗೆದೆ. "ನಾಳೆಗಾದ್ರೂ ಒಂದೊಂದಕ್ಕೂ ಒಂದೇ ಅರ್ಥ ಇಟ್ಕೊಳ್ಳೋಣ ಮುನಿರಾಜಣ್ಣ. ನೀವು ಮೂರು ಅಂದ್ರೆ ಕೈಯಲ್ಲಿ ಒಂದು ರಾಜ ಜಾಸ್ತಿ ಇದೆ ಅಂತ. ಇಲ್ದಿದ್ರೆ ಎರಡಕ್ಕೇ ನಿಲ್ಲಿಸಿ."

"ಯಾವಾಗ್ಲೂವಾ?"

"ಯಾವಾಗ್ಲೂ."

"ಅಂಗಂದ್ರೆ ತಿರುಗ್ಸಿ ಮಾತಾಡೋಕೆ ಜಾಗಾನೇ ಇಲ್ಲ" ಎಂದರು, ಆದರೂ ಒಪ್ಪಿದರು. ಎರಡು ಗಂಟೆ ಕೂತು, ಹನ್ನೊಂದು ‘ಸಂದರ್ಭಾನುಸಾರ’ಗಳನ್ನು ಒಂದೊಂದಾಗಿ ಹೊಡೆದು ಹಾಕಿ ಅರ್ಥ ಬರೆದೆವು. ಹನ್ನೊಂದು ವರ್ಷ ಜೊತೆಗೆ ಆಡಿದವರು ನಾವು ಏನು ಆಡುತ್ತಿದ್ದೇವೆ ಎಂದು ಮಾತಾಡಿದ್ದು ಅದೇ ಮೊದಲು. ಜಯಮ್ಮ ಕೇಳಿಸಿಕೊಂಡು, "ನಮ್ಮ ಮದ್ವೇಲೂ ಇಂಗೊಂದು ಫಾರಂ ಬರ್ಸಿದ್ರೆ ಎಷ್ಟೋ ತಾಪತ್ರಯ ತಪ್ತಿತ್ತು" ಎಂದರು.

ಭಾನುವಾರ, ಅದೇ ಹಾಲ್

ಇನ್ನು ಮುಂದೆ ಬರೆಯುವುದನ್ನು ನನ್ನ ಹೆಗ್ಗಳಿಕೆ ಎಂದುಕೊಂಡರೂ ಸರಿಯೇ. ಅಂದು ನಾವು ಚೆನ್ನಾಗಿ ಆಡಿದೆವು. ಅವರು ಮೂರು ಇಟ್ಟರೆ ನಾನು ನಾಲ್ಕು ಇಟ್ಟೆ, ಎರಡಕ್ಕೆ ನಿಲ್ಲಿಸಿದರೆ ನಾನೂ ನಿಂತೆ. ಹತ್ತಕ್ಕೆ ಹತ್ತು ಬಂತು, ಎಂಟಕ್ಕೆ ಎಂಟು ಬಂತು. ಭಾನುವಾರದ ಲೆಕ್ಕವೇ ಬೇರೆ, ಮಧ್ಯಾಹ್ನದ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನ. ಮೊದಲ ಎಂಟು ಜೋಡಿಗೆ ಒಂದೊಂದು ಇಡೀ ಚೀಸ್, ಸಣ್ಣ ಗಾಡಿಯ ಚಕ್ರದಷ್ಟು ದೊಡ್ಡದು. ಮುನಿರಾಜಣ್ಣ ಊಟದ ಬಿಡುವಿನಲ್ಲೇ ಬಾಗಲಗುಂಟೆಗೆ ಫೋನ್ ಮಾಡಿ, ಚೀಸ್ ತರುತ್ತಿದ್ದೇವೆ, ಫ್ರಿಜ್ಜಿನಲ್ಲಿ ಜಾಗ ಮಾಡಿ ಎಂದುಬಿಟ್ಟರು.

ಕೊನೆಯ ಆಟ. ಎದುರಿಗೆ ಮತ್ತೆ ಮೀಪ್ ಮತ್ತು ಟ್ರೂಸ್. ಇದೊಂದು ಗೆದ್ದರೆ ಎಂಟರೊಳಗೆ.

ನಾನು ಹಾರ್ಟ್ ಇಟ್ಟೆ, ಮೀಪ್ ಸ್ಪೇಡ್ ಇಟ್ಟರು, ಮುನಿರಾಜಣ್ಣ ನನ್ನ ಹಾರ್ಟಿಗೆ ಎರಡು ಎಂದು ಬೆಂಬಲ ಕೊಟ್ಟರು, ಟ್ರೂಸ್ ಅಕ್ಕನ ಸ್ಪೇಡಿಗೆ ಕೊಟ್ಟರು. ನಾನು ಮೂರು ಹಾರ್ಟ್. ಮೀಪ್ ಮೂರು ಸ್ಪೇಡ್. ಈಗ ಮುನಿರಾಜಣ್ಣನವರ ಸರದಿ.

ಅವರ ಕೈ ಪೆಟ್ಟಿಗೆಯ ಹತ್ತಿರ ಹೋಯಿತು. ವಾಪಸು ಬಂತು. ಎಲೆಗಳನ್ನು ಮುಚ್ಚಿದರು, ತೆರೆದರು. ಮತ್ತೆ ಪೆಟ್ಟಿಗೆ. ಬೆರಳು ನಾಲ್ಕರ ಕಾರ್ಡುಗಳ ಮೇಲೆ ಒಂದು ಕ್ಷಣ ಕೂತಿತು. ನೀರು ಕುಡಿದರು. ಪೂರ್ತಿ ಒಂದು ನಿಮಿಷವಾದ ಮೇಲೆ ಹಸಿರು ಪಾಸ್ ಕಾರ್ಡನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟರು. ಟ್ರೂಸ್ ಪಾಸ್. ನನ್ನ ಸರದಿ.

ಬಾಯಿ ತೆರೆಯದೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾರಿಗೂ ಆಗದು. ನನ್ನ ಹತ್ತಿರ ಒಳ್ಳೆಯ ಎಲೆ ಇವೆ, ನಾಲ್ಕು ಅನ್ನಿ, ಮೇಡಮ್ಮೋರೆ. ಬಾಗಲಗುಂಟೆಯಲ್ಲಾಗಿದ್ದರೆ ಅವರ ಕೈ ಪೆಟ್ಟಿಗೆಯಿಂದ ಹೊರಬರುವ ಮುಂಚೆ ನಾಲ್ಕು ಅಂದಿರುತ್ತಿದ್ದೆ. ನನ್ನ ಎಲೆಗಳನ್ನಷ್ಟೇ ನೋಡಿದರೆ ನಾಲ್ಕು ಎನ್ನಲೂಬಹುದು, ಸುಮ್ಮನಿರಲೂಬಹುದು, ಎರಡೂ ಸರಿ. ಅಂಥ ಸಮಯದಲ್ಲಿ ಜೊತೆಗಾರರ ತಡವರಿಕೆ ತೋರಿಸಿದ ದಾರಿ ಹಿಡಿಯಬಾರದು ಎಂದು ಪುಸ್ತಕ ಹೇಳುತ್ತದೆ. ಮೀಪ್ ನನ್ನ ಕಡೆ ನೋಡುತ್ತಿರಲಿಲ್ಲ. ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಹೆಂಕ್ ಕೇಳಿದ ಪ್ರಶ್ನೆ ಹಿಂದಿನ ದಿನದಿಂದ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಪಾಸ್ ಇಟ್ಟೆ.

ಮೀಪ್ ಒಂಬತ್ತು ಸುತ್ತು ಗೆದ್ದರು. ಎಲೆ ತೆರೆದು ನೋಡಿದರೆ ನಮಗೆ ಹಾರ್ಟಿನಲ್ಲಿ ಸಲೀಸಾಗಿ ಹತ್ತು ಇತ್ತು. ಮೀಪ್ ನನ್ನ ಕೈ ಹಿಡಿದು, "ನೀವು ನಾಲ್ಕು ಅಂದಿದ್ದರೆ ನಾನು ಕೈಯೆತ್ತುತ್ತಿದ್ದೆ. ಸರಿಯಾಗಿ ಮಾಡಿದಿರಿ" ಎಂದರು. ಎದೆ ಉಬ್ಬಿ ಬಂತು, ಮುಚ್ಚಿಡುವುದೇಕೆ. ಮುನಿರಾಜಣ್ಣ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ನಾನು ಅಷ್ಟೊತ್ತು ಕುಂತಿದ್ದು ಯಾಕೆ ಅನ್ಕಂಡ್ರಿ? ನಿದ್ದೆ ಬಂದಿತ್ತಾ ನಂಗೆ?"

"ಅದಕ್ಕೇ ಪಾಸ್ ಅಂದೆ ಮುನಿರಾಜಣ್ಣ."

"ಅದ್ಕೇವಾ? ಜೊತೇಲಿರೋನು ಬಾವಿಗೆ ಬಿದ್ದು ಕೈ ಚಾಚಿದ್ರೆ, ಚಾಚ್ದ ಅಂತಾನೇ ಬುಟ್ಟೋಗ್ತೀರಾ?"

ಹನ್ನೊಂದನೆಯ ಸ್ಥಾನ ಬಂತು. ಹನ್ನೊಂದನೆಯವರಿಗೆ ಚೀಸ್ ಇಲ್ಲ, ಚಪ್ಪಾಳೆ ಇದೆ. ಆಮೇಲೆ ಮುನಿರಾಜಣ್ಣ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಹೆಂಕ್ ಮನೆಯ ಊಟದ ಮೇಜಿನಲ್ಲಿ, "ಅವ್ರಿಗೆ ಉಪ್ಪು ಬೇಕಾ ಕೇಳೆ" ಎಂದು ಹೆಂಡತಿಗೆ ಹೇಳುತ್ತಿದ್ದರು. ಜಯಮ್ಮ ನನ್ನ ಕಡೆ ತಿರುಗಿ, "ಉಪ್ಪು ಬೇಕಾ ಅಕ್ಕ? ಬೇರೆ ಜೊತೆ ಉಡುಕ್ಕಂಡ್ರೆ ಅದ್ನೂ ಏಳಿ, ಒಟ್ಟಿಗೇ ತಿಳಿಸ್ಬುಡ್ತೀನಿ" ಎಂದರು. ಮುನಿರಾಜಣ್ಣ ಆ ಮಾತನ್ನು ಅಲ್ಲಗಳೆಯಲಿಲ್ಲ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಆರ್.ಟಿ. ನಗರದಿಂದ ಆಟೋ ಹಿಡಿದು ಬಾಗಲಗುಂಟೆಗೆ ಹೋಗದಿದ್ದರೆ ನಾನು ಆ ಹೊತ್ತಿಗೆ ಏನು ಮಾಡುತ್ತೇನೆ ಎಂದು ಯೋಚಿಸಿದೆ. ಏನೂ ತೋಚಲಿಲ್ಲ.

ಸೋಮವಾರ, ವಿಮಾನ ನಿಲ್ದಾಣ

ವಿಮಾನಕ್ಕೆ ಇನ್ನೂ ಒಂದು ಗಂಟೆ ಇತ್ತು. ಜಯಮ್ಮ ಪರ್ಸ್ ಎತ್ತಿಕೊಂಡು ನಿಂತರು. "ಆ ಅಂಗ್ಡೀಲಿ ಚೀಸು ಮಡಗವ್ರೆ, ಒಂದು ತತ್ತೀನಿ. ಗೆದ್ದಿದ್ದೋ ಕೊಂಡಿದ್ದೋ ಬಾಗಲಗುಂಟೇಲಿ ಯಾರ್ಗೆ ಗೊತ್ತಾಗ್ತದೆ?" ಎಂದು ಹೋದರು.

ನಾವಿಬ್ಬರೇ ಉಳಿದೆವು, ನಡುವೆ ಒಂದು ಖಾಲಿ ಕುರ್ಚಿ. ನಾನು ಕೊನೆಗೆ ಹೇಳಿಯೇಬಿಟ್ಟೆ.

"ಮುನಿರಾಜಣ್ಣ, ನಿಮಗೆ ಬೇಜಾರಾಗುತ್ತೆ ಅಂತ ಇಷ್ಟು ದಿನ ಹೇಳಿರ್ಲಿಲ್ಲ. ನೀವು ಕೂಗೋವಾಗ ದನಿ ಬದಲಾಗುತ್ತೆ. ಕೈಯಲ್ಲಿ ಎಲೆ ಚೆನ್ನಾಗಿದ್ರೆ ಎಳೀತೀರಿ, ಇಲ್ದಿದ್ರೆ ಚುಟುಕು. ನಿಮಗೆ ಗೊತ್ತಿಲ್ದೇನೇ ಹೇಳ್ಬಿಡ್ತಿದ್ರಿ. ನಾನು ಅದನ್ನ ಕೇಳ್ಕೊಂಡು ಆಡ್ತಿದ್ದೆ. ನಾವು ಗೆದ್ದಿದ್ದೆಲ್ಲ ಹಾಗೇನೇ."

ಅವರ ಮುಖ ಬಾಡುತ್ತದೆ ಎಂದು ಕಾದೆ. ಸಮಾಧಾನದ ಮಾತೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು.

"ಗೊತ್ತಿಲ್ದೆ? ನಾನೇನು ಮಗೀನಾ? ನಿಮ್ಗೆ ಕೇಳ್ಳಿ ಅಂತಾನೇ ಅಂಗೆ ಕೂಗ್ತಿದ್ದೆ."

ನಾನು ಮಡಿಲಲ್ಲಿದ್ದ ಬ್ಯಾಗನ್ನು ಖಾಲಿ ಕುರ್ಚಿಯ ಮೇಲಿಟ್ಟು ಅವರ ಕಡೆ ತಿರುಗಿ ಕೂತೆ.

"ನಮ್ಮಪ್ಪ ನಾನು ಜಮೀನ್ ಮಾತುಕತೆಗೆ ಓಗ್ತಿದ್ವಿ. ಅಪ್ಪ ಮೀಸೆ ಮುಟ್ಕಂಡ್ರೆ ರೇಟು ಏರ್ಸು ಅಂತ, ಟವಲ್ ಒದರಿದ್ರೆ ಒಪ್ಕ ಅಂತ. ಬಾಯ್ಬುಟ್ಟು ಏಳಂಗಿಲ್ಲ, ಎದ್ರಿಗಿರೋರು ಕೇಳಿಸ್ಕತಾರೆ. ಜೊತೆ ಅಂದ್ರೆ ಅದೇ ಅಲ್ವಾ? ಈ ಆಟಾನೂ ಅಂಗೇ ಅನ್ಕಂಡೆ. ನೀವು ಚೆನ್ನಾಗಿ ಇಡ್ಕತಿದ್ರಿ, ನಂಗೆ ಕುಸಿ ಆಗ್ತಿತ್ತು. ಅದು ತಪ್ಪು ಅಂತ ನಿನ್ನೆ ರಾತ್ರಿ ಎಂಕ್ ಏಳ್ದಾಗ್ಲೆ ನಂಗೆ ಗೊತ್ತಾಗಿದ್ದು." ಆಮೇಲೆ ಕೇಳಿದರು: "ಸನಿವಾರ ಆ ಎಣ್ಮಗಳು ಕೇಳ್ದಾಗ ಕಾಪಿ ಸಾಕು ಅಂದ್ರು ಅಂದ್ರಲ್ಲ. ನಾನೆಲ್ಲಿ ಕಾಪಿ ಅಂದೆ? ಆವಾಗ್ಲೆ ಅನುಮಾನ ಬಂತು. ನಿಮ್ಗೆ ಯಾವಾಗ ಗೊತ್ತಾಯ್ತು, ಅದು ತಪ್ಪು ಅಂತ?"

ಶನಿವಾರ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಮೊದಲ್ನೇ ವರ್ಷಾನೇ" ಅಂದೆ. "ಪುಸ್ತಕದಲ್ಲಿತ್ತು."

"ನಂಗ್ಯಾಕೆ ಏಳ್ಳಿಲ್ಲ?"

ಆ ದನಿಯ ಏರಿಳಿತವನ್ನೆಲ್ಲ ಬಲ್ಲೆ ಎಂದುಕೊಂಡಿದ್ದೆ. ಅದರಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತಿಳಿದುಕೊಳ್ಳಬೇಕು ಎಂದಷ್ಟೇ ಕೇಳಿದ್ದರು. ಹಿಂದಿನ ದಿನ ಮೀಪ್ ಕೈ ಹಿಡಿದಾಗ ಎದೆ ಉಬ್ಬಿದ್ದು ನೆನಪಾಗಿ ನಾಚಿಕೆಯಾಯಿತು.

"ಗೆಲ್ತಿದ್ವಲ್ಲ, ಮುನಿರಾಜಣ್ಣ."

ಅವರು ಕಿಟಕಿಯ ಕಡೆ ತಿರುಗಿದರು. ಗಾಜಿನಾಚೆ ನಮ್ಮ ವಿಮಾನಕ್ಕೆ ಸಾಮಾನು ಏರಿಸುತ್ತಿದ್ದರು. ಜಯಮ್ಮ ಭಾರದ ಚೀಲ ಹೊತ್ತು ಏದುಸಿರು ಬಿಡುತ್ತಾ ಬಂದರು. ಅಷ್ಟರಲ್ಲಿ ಬೆಂಗಳೂರಿಗೆ ಹೋಗುವವರು ಸಾಲಿಗೆ ಬರಬೇಕೆಂದು ಕರೆದರು. ಮುನಿರಾಜಣ್ಣ ಎದ್ದು, ಹೆಂಡತಿಯ ಚೀಲ ಒಂದು ಕೈಗೆ, ಕೇಳದೆಯೇ ನನ್ನ ಬ್ಯಾಗು ಇನ್ನೊಂದು ಕೈಗೆ ತೆಗೆದುಕೊಂಡರು. ಎರಡು ಹೆಜ್ಜೆ ಹೋಗಿ ನಿಂತು, ತಿರುಗಿದರು.

"ಬಾನುವಾರ ಬನ್ನಿ, ಮೇಡಮ್ಮೋರೆ" ಎಂದರು. "ಸೋಲಾನ."